ಟವೆಲ್ ಹಿಡಿದ ಕೈಗಳು

 

ಹೋದ ವಾರ ನಮ್ಮ ಸಭೆಯ ಒಬ್ಬ ತಂಗಿ ಫೋನ್ ಮಾಡಿದಳು. ಮಕ್ಕಳ ವಾರ್ಡಿನಲ್ಲಿ ನರ್ಸ್. ಬೇರೆಯವರು ಹಾಡ್ತಾರೆ, ಪ್ರಸಂಗ ಮಾಡ್ತಾರೆ, ನಾನು ಮಾತ್ರ ರಾತ್ರಿಯೆಲ್ಲ ಮಕ್ಕಳ ಹೇಸಿಗೆ ಬಳೀತೀನಿ, ಇದು ಸೇವೆನಾ ಬ್ರದರ್ ಅಂತ ಅತ್ತಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಏಮಿ ಕಾರ್ಮೈಕಲ್ ನೆನಪಾದರು.

ಏಮಿ 1867ರಲ್ಲಿ ಉತ್ತರ ಐರ್ಲೆಂಡಿನ ಮಿಲ್ಐಲ್ ಎಂಬ ಊರಲ್ಲಿ ಹುಟ್ಟಿದರು. ಏಳು ಮಕ್ಕಳಲ್ಲಿ ಹಿರಿಯಳು. ಬೆಲ್‌ಫಾಸ್ಟಿನಲ್ಲಿ ಗಿರಣಿಯ ಹುಡುಗಿಯರ ನಡುವೆ ಸೇವೆ ಮಾಡಿದರು, ಜಪಾನಿಗೆ ಹೋದರು, ಕಾಯಿಲೆಯಿಂದ ವಾಪಸ್ ಬಂದರು. 1895ರಲ್ಲಿ ಅವರು ಬಂದಿಳಿದದ್ದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ! ಅಲ್ಲಿ ಜ್ವರದಿಂದ ಮಲಗಿದರು. ಮುಂದೆ ತಮಿಳುನಾಡಿನ ತಿರುನೆಲ್ವೇಲಿ ಸೀಮೆಗೆ ಹೋಗಿ, ಸೀರೆ ಉಟ್ಟು, ತಮಿಳು ಕಲಿತು, ಕೆಲವು ಸಹೋದರಿಯರ ಜೊತೆ ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿಗೆ ಸುವಾರ್ತೆ ಸಾರಿದರು. ಅದೇ ತಮ್ಮ ಕರೆ ಅಂತ ನಂಬಿದ್ದರು.

ಆದರೆ 1901ರ ಮಾರ್ಚಿನಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿದ್ದ ಏಳು ವರ್ಷದ ಪ್ರೀನಾ ಎಂಬ ಹುಡುಗಿ ತಪ್ಪಿಸಿಕೊಂಡು ಬಂದು ಅವರ ಮಡಿಲು ಸೇರಿದಳು. ಆಮೇಲೆ ಶಿಶುಗಳೂ ಬಂದವು. 1904ರ ಮಧ್ಯಕ್ಕೆ 17 ಮಕ್ಕಳು. ಗಾಡಿ ನಿಂತಿತು, ಪ್ರಸಂಗ ಕಡಿಮೆಯಾಯಿತು. ಹಾಲು ಕಾಯಿಸೋದು, ಬಟ್ಟೆ ಒಗೆಯೋದು, ಉಗುರು ಕತ್ತರಿಸೋದು, ರಾತ್ರಿ ಎದ್ದು ಕೂರೋದು. ಇದೆಲ್ಲ ಆಯಾ ಕೆಲಸ, ಸುವಾರ್ತೆಯ ಸೇವೆ ಅಲ್ಲ ಅಂದವರಿದ್ದರು. ಏಮಿ ಯೋಹಾನ 13ನೇ ಅಧ್ಯಾಯವನ್ನು ಹಿಡಿದರು. ಕರ್ತನೇ ಟವೆಲ್ ಕಟ್ಟಿಕೊಂಡು ಕಾಲು ತೊಳೆದ ಮೇಲೆ, ಸೇವಕರಿಗೆ ಯಾವ ಕೆಲಸ ಕೀಳು?

ನೋಡ್ರಿ, ಎಲ್ಲ ಸುಲಭವಾಗಿರಲಿಲ್ಲ. ಆಸ್ಪತ್ರೆ ಹತ್ತಿರ ಇರಲಿ ಅಂತ ನೆಯ್ಯೂರಿನಲ್ಲಿ ಶಿಶುಗಳ ಮನೆ ಮಾಡಿದರು. ಅದನ್ನು ನೋಡಿಕೊಂಡವಳು ಪೊನ್ನಮ್ಮಾಳ್ ಎಂಬ ವಿಧವೆ. ಭೇದಿ ರೋಗ ಬಂದು ಹಲವು ಕೂಸುಗಳು ತೀರಿಕೊಂಡವು. ಪ್ರಾರ್ಥನೆ ಮಾಡಿಯೂ ತೀರಿಕೊಂಡವು! ಪೊನ್ನಮ್ಮಾಳೂ 1915ರಲ್ಲಿ ಕ್ಯಾನ್ಸರಿನಿಂದ ಹೋದಳು. ಆದರೂ ಇವರು ಬಾಗಿಲು ಮುಚ್ಚಲಿಲ್ಲ. 1907ರಲ್ಲಿ ಮೇಬಲ್ ವೇಡ್ ಎಂಬ ತರಬೇತಾದ ನರ್ಸ್ ಬಂದು ಸೇರಿದರು. 1918ರಿಂದ ಗಂಡುಮಕ್ಕಳಿಗೂ ಜಾಗವಾಯಿತು. ಡೋಣಾವೂರಿನಲ್ಲಿ ಆಸ್ಪತ್ರೆಯೂ ಎದ್ದಿತು.

1931ರಲ್ಲಿ ಏಮಿ ಕತ್ತಲಲ್ಲಿ ಗುಂಡಿಗೆ ಬಿದ್ದರು. ಆಮೇಲೆ ಸುಮಾರು 20 ವರ್ಷ ಹೆಚ್ಚುಕಡಿಮೆ ಹಾಸಿಗೆಯಲ್ಲೇ. ಎಷ್ಟೋ ರೋಗಿಗಳನ್ನು ನೋಡಿಕೊಂಡವರು ತಾವೇ ರೋಗಿಯಾದರು. ಅಲ್ಲಿಂದಲೇ ಬರೆದರು, ಪ್ರಾರ್ಥಿಸಿದರು. ಭಾರತಕ್ಕೆ ಬಂದ ಮೇಲೆ 55 ವರ್ಷ ಸ್ವದೇಶಕ್ಕೆ ಹೋಗಲೇ ಇಲ್ಲ. 1951ರ ಜನವರಿ 18ರಂದು ಕರ್ತನ ಬಳಿಗೆ ಹೋದರು. ಸಮಾಧಿಕಲ್ಲು ಬೇಡ ಅಂದಿದ್ದರು. ಮಕ್ಕಳು ಹಕ್ಕಿಗಳಿಗೆ ನೀರಿಡುವ ಕಲ್ಲಿನ ತೊಟ್ಟಿ ಇಟ್ಟು, ಅದರ ಮೇಲೆ ಅಮ್ಮೈ ಅಂತಷ್ಟೇ ಕೆತ್ತಿಸಿದರು.

ತಂಗಿ, ನಿನಗೆ ಇದೇ ನನ್ನ ಉತ್ತರ. ಸ್ಟೇಜಿನ ಮೈಕ್ ನನ್ನ ಕೈಲಿದೆ, ನಿಜ. ನಾನೂ ಅದನ್ನೇ ದೊಡ್ಡದು ಅಂದುಕೊಂಡಿದ್ದೆ, ಕರ್ತನು ನನ್ನನ್ನು ಕ್ಷಮಿಸಲಿ. ಈ ರಾತ್ರಿ ಅಳುತ್ತಿರೋ ಕೂಸನ್ನು ನೀನು ಎತ್ತಿಕೊಳ್ಳುವಾಗ, ಮತ್ತಾಯ 25ರಲ್ಲಿ ಹೇಳಿದ ಹಾಗೆ, ಆತನನ್ನೇ ಎತ್ತಿಕೊಂಡಿದ್ದೀಯ. ಡ್ಯೂಟಿಗೆ ಹೋಗು. ಭಾನುವಾರ ನಿನಗೋಸ್ಕರ ನಾವು ಇಲ್ಲಿ ಪ್ರಾರ್ಥಿಸ್ತೀವಿ.

ಎಲ್ಲರೂ ಕಣ್ಣು ಮುಚ್ಚೋಣ. ಆಮೆನ್.