ಶಬ್ದಮಣಿದರ್ಪಣದ ಕೇಶಿರಾಜ: ಶಾಲಾ ಮಕ್ಕಳ ಕನ್ನಡ ವಾಕ್ಯಕ್ಕೆ ಹಾದಿ ಹಾಕಿದ ಜೈನ ವೈಯಾಕರಣ

ದಾವಣಗೆರೆ ಎಂಬ ಊರಿನ ಹೆಸರಿನ ಕೊನೆಗೆ ಇರುವ ‘ಗೆರೆ’ ನಿಜವಾಗಿ ‘ಕೆರೆ’. ಎರಡು ಪದಗಳು ಕೂಡುವಾಗ ಎರಡನೆಯ ಪದದ ಮೊದಲ ಕಕಾರ ಗಕಾರವಾಗುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದೂ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವುದೂ, ಕಣ್ ಮತ್ತು ಪನಿ ಸೇರಿ ಕಂಬನಿ ಆಗುವುದೂ ಇದೇ ನಿಯಮದಿಂದ. ಆದೇಶ ಸಂಧಿ ಎಂದು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವುದು ಇದನ್ನೇ. ಲೋಪ, ಆಗಮ, ಆದೇಶ ಎಂಬ ಈ ವಿಂಗಡಣೆಯನ್ನು ಕನ್ನಡದ ಜಾಯಮಾನಕ್ಕೆ ತಕ್ಕಂತೆ ವಿಸ್ತಾರವಾಗಿ ಬರೆದಿಟ್ಟ ಮಹನೀಯ ಕೇಶಿರಾಜ. ಕಾಲ ಸುಮಾರು ಕ್ರಿ.ಶ. 1260. ಗ್ರಂಥ ‘ಶಬ್ದಮಣಿದರ್ಪಣ’.

ಕೇಶಿರಾಜನದು ಪಾಠ ಹೇಳುವ ಮನೆತನ. ತಾಯಿಯ ತಂದೆ ಸುಮನೋಬಾಣ ಹೊಯ್ಸಳ ರಾಜರಲ್ಲಿ ಕಟಕೋಪಾಧ್ಯಾಯನಾಗಿದ್ದವನು, ಎಂದರೆ ಅರಸರ ಬೀಡಿನಲ್ಲಿ ವಿದ್ಯೆ ಕಲಿಸುವ ಗುರು. ಸೋದರಮಾವ ಕವಿಚಕ್ರವರ್ತಿ ಜನ್ನ. 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದ ಜನ್ನನನ್ನು ಜೈನ ಮನೆಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತಂದೆ ಮಲ್ಲಿಕಾರ್ಜುನ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ‘ಸೂಕ್ತಿಸುಧಾರ್ಣವ’ ಎಂಬ ಸಂಕಲನ ಮಾಡಿದವನು. ಹಿಂದಿನ ಕವಿಗಳ ಕಾವ್ಯಗಳಿಂದ ಒಳ್ಳೊಳ್ಳೆಯ ಪದ್ಯಗಳನ್ನು ಆರಿಸಿ, ಸಮುದ್ರ, ಪರ್ವತ, ಪಟ್ಟಣ ಹೀಗೆ ವಿಷಯವಾರು ಜೋಡಿಸಿದ ಗ್ರಂಥ ಅದು. ತಂದೆ ಕೂಡಿಸಿಟ್ಟ ಈ ಬಂಡವಾಳ ಮಗನ ಉಪಯೋಗಕ್ಕೆ ಬಂದಿರಲೇಬೇಕು. ಏಕೆಂದರೆ ಕೇಶಿರಾಜ ಹೇಳುವ ಪ್ರತಿಯೊಂದು ನಿಯಮದ ಹಿಂದೆಯೂ ಯಾವುದಾದರೂ ಕವಿಯ ಪ್ರಯೋಗ ಸಾಕ್ಷಿಯಾಗಿ ನಿಂತಿರುತ್ತದೆ. ರಸೀದಿ ಇಲ್ಲದ ಖರ್ಚು ಅವನ ಲೆಕ್ಕದಲ್ಲಿ ಇಲ್ಲ.

ಅವನು ಬದುಕಿದ ಕಾಲದ ಗುರುತು ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿಯೇ ಇದೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅದೇ ನರಸಿಂಹನ ಆಳ್ವಿಕೆಯಲ್ಲಿ ಜನ್ನ ‘ಅನಂತನಾಥ ಪುರಾಣ’ ಮುಗಿಸಿದ. ಮುಂದೆ 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ, ಸೋಮನಾಥಪುರ ಕಟ್ಟಿಸಿದವನೇ, ಹರಿಹರದ ಗುಡಿಗೆ ಇನ್ನಷ್ಟು ಕಟ್ಟಡ ಸೇರಿಸಿದ. ಕೇಶಿರಾಜನ ವ್ಯಾಕರಣ ಸಿದ್ಧವಾದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಆ ಗುಡಿಯ ಶಾಸನಗಳಲ್ಲಿ ಕಾಣುವ ಕನ್ನಡ ಅವನ ಕಿವಿಗೆ ಬೀಳುತ್ತಿದ್ದ ಕಾಲದ ಕನ್ನಡವೇ.

ಆ ಕಾಲದಲ್ಲಿ ಭಾಷೆ ಸುಮ್ಮನೆ ನಿಂತಿರಲಿಲ್ಲ. ಬಸವಾದಿ ಶರಣರ ವಚನಗಳು ಬಂದು ನೂರು ವರ್ಷ ಕಳೆದಿತ್ತು. ಹರಿಹರ, ರಾಘವಾಂಕರು ರಗಳೆ, ಷಟ್ಪದಿಗಳಲ್ಲಿ ಬರೆದಾಗಿತ್ತು. (ಈ ಹರಿಹರ ಹಂಪೆಯ ಕವಿ, ಊರಿನ ಹೆಸರಿಗೂ ಅವನಿಗೂ ಗಂಟು ಹಾಕಬಾರದು.) ಪಾಲು ಹಾಲಾಗಿತ್ತು, ಪೂವು ಹೂವಾಗಿತ್ತು. ಱ, ೞ ಎಂಬ ಹಳೆಯ ಅಕ್ಷರಗಳನ್ನು ಎಲ್ಲಿ ಬರೆಯಬೇಕು ಎಂಬುದೇ ಜನರಿಗೆ ಮರೆಯತೊಡಗಿತ್ತು. ಹೀಗೇ ಬಿಟ್ಟರೆ ಪಂಪ, ಪೊನ್ನ, ರನ್ನರನ್ನು ಮುಂದಿನವರು ಓದುವುದು ಹೇಗೆ? ಆದಿಪುರಾಣ, ಶಾಂತಿಪುರಾಣ, ಅಜಿತಪುರಾಣಗಳು ಬರಿಯ ತಾಳೆಗರಿಯ ಕಟ್ಟುಗಳಾಗಿ ಉಳಿಯುತ್ತಿದ್ದವು. ಕೇಶಿರಾಜ ತನಗೆ ಮಾದರಿ ಯಾರೆಂದು ಗ್ರಂಥದ ಆರಂಭದಲ್ಲಿಯೇ ಹೆಸರು ಹಿಡಿದು ಹೇಳುತ್ತಾನೆ. ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಪಟ್ಟಿ ಅದು. ಅದರಲ್ಲಿ ಜೈನ ಕವಿಗಳೇ ಹೆಚ್ಚು. ತನ್ನ ಸುತ್ತ ಆಡುತ್ತಿದ್ದ ಹೊಸ ಕನ್ನಡಕ್ಕೆ ಅವನು ಅಷ್ಟಾಗಿ ಮನ್ನಣೆ ಕೊಡಲಿಲ್ಲ ಎಂಬುದು ನಿಜ. ಆ ಮಟ್ಟಿಗೆ ಅದು ಗ್ರಂಥದ ಕೊರತೆ. ಆದರೆ ಆ ಹಟ ಇಲ್ಲದಿದ್ದರೆ ಹಳಗನ್ನಡದ ಬೀಗದ ಕೈ ಕಳೆದುಹೋಗುತ್ತಿತ್ತು.

ಅವನಿಗಿಂತ ಮುಂಚೆ ನಾಗವರ್ಮ ಎರಡು ವ್ಯಾಕರಣ ಮಾಡಿದ್ದ. ‘ಕರ್ಣಾಟಕ ಭಾಷಾಭೂಷಣ’ದ ಸೂತ್ರಗಳು ಸಂಸ್ಕೃತದಲ್ಲಿವೆ, ‘ಕಾವ್ಯಾವಲೋಕನ’ದ ವ್ಯಾಕರಣ ಭಾಗ ಕನ್ನಡದಲ್ಲಿದೆಯಾದರೂ ಸಂಕ್ಷಿಪ್ತ. ಕೇಶಿರಾಜನ ನಂತರ 1604ರಲ್ಲಿ ಭಟ್ಟಾಕಳಂಕ ದೇವ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದ. ಮೂವರೂ ಜೈನರು. ನಡುವಿನ ಕೇಶಿರಾಜ ಮಾತ್ರ ಇಡೀ ವ್ಯಾಕರಣವನ್ನು ಕನ್ನಡದ ಕಂದ ಪದ್ಯಗಳಲ್ಲಿ ಹೇಳಿ, ಅದಕ್ಕೆ ತಾನೇ ಗದ್ಯದಲ್ಲಿ ವೃತ್ತಿ ಬರೆದು, ಉದಾಹರಣೆ ಕೊಟ್ಟ. ಪುಸ್ತಕ ಸುಲಭವಾಗಿ ಸಿಗದ ಕಾಲದಲ್ಲಿ ವಿದ್ಯಾರ್ಥಿಗೆ ನೆನಪೇ ಪುಸ್ತಕ, ಅದಕ್ಕೆ ಪದ್ಯವೇ ಅನುಕೂಲ. ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಪ್ರಕರಣಗಳು. ಸಂಸ್ಕೃತದ ವರ್ಣಮಾಲೆಯಿಂದ ಋ, ಶ, ಷ, ವಿಸರ್ಗ ಮೊದಲಾದವನ್ನು ಬದಿಗಿಟ್ಟು ಅಚ್ಚಗನ್ನಡಕ್ಕೆ 47 ಅಕ್ಷರ ಎಂದು ಲೆಕ್ಕ ಮಾಡಿದ ಧೈರ್ಯವೂ ಅವನದೇ.

ಇಷ್ಟೆಲ್ಲ ಸರಿ, ಮೂರನೆಯ ನಾಲ್ಕನೆಯ ತರಗತಿಯ ಮಗುವಿಗೂ ಕೇಶಿರಾಜನಿಗೂ ಏನು ಸಂಬಂಧ? ಸಂಬಂಧ ಬಹಳ ಹತ್ತಿರದ್ದು. ಹಲವು ಜೈನ ಮನೆಗಳಲ್ಲಿ ಮಾತು ಮಾರವಾಡಿ, ಗುಜರಾತಿ ಇಲ್ಲವೆ ಹಿಂದಿ. ಅಂಗಡಿಯಲ್ಲಿ ಗಿರಾಕಿಯ ಜೊತೆ ಕನ್ನಡ ಸಲೀಸಾಗಿ ಬರುತ್ತದೆ. ಆದರೆ ಮಗು ಬರೆಯಲು ಕುಳಿತಾಗ ತೊಡಕು. ಹಿಂದಿಯಲ್ಲಿ ಯೋಚಿಸಿ “ನನಗೆ ಹರಿಹರಕ್ಕೆ ಹೋಗಬೇಕು” ಎಂದು ಬರೆಯುತ್ತದೆ. ಹಿಂದಿಯಲ್ಲಿ ‘ಮುಝೆ’ ಸರಿ. ಕನ್ನಡದಲ್ಲಿ “ನನಗೆ ಪುಸ್ತಕ ಬೇಕು” ಸರಿ, ಆದರೆ “ನಾನು ಹೋಗಬೇಕು” ಎಂದೇ ಬರೆಯಬೇಕು. ಹೋಗುವ ಕೆಲಸ ಮಾಡುವವನು ಕರ್ತೃ, ಅವನಿಗೆ ಪ್ರಥಮಾ ವಿಭಕ್ತಿ. ಕೇಶಿರಾಜ ನಾಮ ಪ್ರಕರಣದಲ್ಲಿ ವಿಭಕ್ತಿಗಳನ್ನು ಹೇಳುವಾಗ ಕೂಡಿಸುವ ಕಾರಕದ ವಿಚಾರ ಇದೇ.

ಲಿಂಗದ ವಿಷಯವೂ ಹಾಗೆಯೇ. ಹಿಂದಿಯಲ್ಲಿ ಕುರ್ಚಿ, ಪುಸ್ತಕಗಳೂ ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ: ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಉಳಿದದ್ದಕ್ಕೆ ಬಂದಿತು. ಕೇಶಿರಾಜ ಲಿಂಗಗಳನ್ನು ಒಂಬತ್ತು ಎಂದು ಬಿಡಿಸಿದ್ದಾನೆ, ಮಕ್ಕಳಿಗೆ ಮೂರು ಸಾಕು.

ಚತುರ್ಥಿಗೆ ಒಳ್ಳೆಯ ಪಾಠ ಈ ಎರಡು ಊರುಗಳಲ್ಲಿಯೇ ಇದೆ. ದಾವಣಗೆರೆಗೆ ಎನ್ನುತ್ತೇವೆ, ಹರಿಹರಗೆ ಎನ್ನುವುದಿಲ್ಲ, ಹರಿಹರಕ್ಕೆ ಎನ್ನುತ್ತೇವೆ. ಎಕಾರದಲ್ಲಿ ಮುಗಿಯುವ ಪದಕ್ಕೆ ‘ಗೆ’, ಅಕಾರದಲ್ಲಿ ಮುಗಿಯುವ ನಪುಂಸಕ ಪದಕ್ಕೆ ‘ಕ್ಕೆ’. ಅದೇ ಹರಿಹರ ದೇವರಾದಾಗ ಹರಿಹರನಿಗೆ. ಹರಿಹರಕ್ಕೆ ಹೋಗಿ ಹರಿಹರನಿಗೆ ಹೂವು ಕೊಟ್ಟರು ಎಂಬ ಒಂದೇ ವಾಕ್ಯದಲ್ಲಿ ಊರು ಬೇರೆ, ದೇವರು ಬೇರೆ ಎಂದು ತೋರಿಸುವುದು ಪ್ರತ್ಯಯ. ಹೀಗೆ ಹೇಳಿದರೆ ಏಳು ವಿಭಕ್ತಿಗಳ ಪಟ್ಟಿ ಮಕ್ಕಳಿಗೆ ಹೊರೆಯಾಗುವುದಿಲ್ಲ.

ಕ್ರಿಯಾಪದದಲ್ಲಿ ಇನ್ನೂ ಹೆಚ್ಚು ತಪ್ಪು. “ನಾನು ಮಂಡಕ್ಕಿ ತಿಂದನು”, “ಅಕ್ಕ ಮತ್ತು ತಮ್ಮ ಶಾಲೆಗೆ ಹೋದನು” ಇಂಥವು. ಆಖ್ಯಾತ ಪ್ರಕರಣದಲ್ಲಿ ಕೇಶಿರಾಜ ಅಂ, ಅರ್, ಅಯ್, ಇರ್, ಎಂ, ಎವು ಎಂಬ ಆರು ಪ್ರತ್ಯಯಗಳನ್ನು ಕೊಟ್ಟಿದ್ದಾನೆ. ಅವನು ಬಂದನು, ಅವರು ಬಂದರು, ನೀನು ಬಂದೆ, ನೀವು ಬಂದಿರಿ, ನಾನು ಬಂದೆನು, ನಾವು ಬಂದೆವು ಎಂದು ಇಂದಿನ ಮಕ್ಕಳು ಬರೆಯುವ ಕೋಷ್ಟಕ ಅದರದೇ ಮೊಮ್ಮಗ. ಕೇಶಿರಾಜ ಸೂತ್ರ ಮೊದಲು ಹೇಳಿ ಉದಾಹರಣೆ ನಂತರ ಕೊಡುತ್ತಾನೆ, ಅದು ಪಂಡಿತರಿಗೆ ಸರಿ. ಎಂಟು ವರ್ಷದ ಮಗುವಿಗೆ ಇದನ್ನು ತಿರುವು ಮಾಡಬೇಕು. ಹತ್ತು ವಾಕ್ಯ ಬರೆಸಿ, ಕರ್ತೃವಿಗೂ ಕ್ರಿಯಾಪದಕ್ಕೂ ಗೆರೆ ಎಳೆಸಿ, ಎರಡೂ ಹೊಂದಿಕೆಯಾಗಿವೆಯೇ ಎಂದು ಮಗುವಿನಿಂದಲೇ ಹೇಳಿಸಿ, ಆಮೇಲೆ ನಿಯಮದ ಹೆಸರು ಹೇಳಿದರೆ ಸಾಕು.

ಒಂದು ಮಾತು ಹಿರಿಯರಿಗೆ ಸಮಾಧಾನ ತರುವಂಥದು. ಈ ಭಾಗದಲ್ಲಿ ಶಾಲೆಗೆ ‘ಸಾಲಿ’ ಎನ್ನುವ ರೂಢಿ ಇದೆ. ಮಕ್ಕಳು ಹಾಗೆ ಅಂದರೆ ನಗುವುದುಂಟು. ಸಂಸ್ಕೃತದ ಶಕಾರ ಕನ್ನಡದಲ್ಲಿ ಸಕಾರವಾಗುವುದು ತದ್ಭವದ ನಿಯಮ, ಅಪಭ್ರಂಶ ಪ್ರಕರಣದ ವಿಷಯ. ಶ್ರಮಣ ಎಂಬುದು ‘ಸವಣ’ ಆದದ್ದೂ ಹೀಗೆಯೇ. ಬರವಣಿಗೆಯಲ್ಲಿ ‘ಶಾಲೆ’ ಎಂದು ಬರೆಸೋಣ, ಆದರೆ ಅಜ್ಜಿಯ ‘ಸಾಲಿ’ಯನ್ನು ತಪ್ಪು ಎನ್ನುವುದು ಬೇಡ.

ಕೇಶಿರಾಜನಿಗೆ ವ್ಯಾಕರಣ ಬರಿಯ ಪದಗಳ ಲೆಕ್ಕವಾಗಿರಲಿಲ್ಲ. ವ್ಯಾಕರಣದಿಂದ ಪದ ಸಿದ್ಧಿಸುತ್ತದೆ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದ ದರ್ಶನ, ಅದರಿಂದ ಮುಕ್ತಿ ಎಂಬುದು ಅವನ ನಿಲುವು. ಸ್ವಾಧ್ಯಾಯಕ್ಕೆ ಕುಳಿತವರಿಗೆ ಇದರ ತೂಕ ತಿಳಿಯುತ್ತದೆ. ಒಂದು ವಿಭಕ್ತಿ ತಪ್ಪಿದರೆ ಯಾರು ಯಾರಿಗೆ ಉಪದೇಶಿಸಿದರು ಎಂಬುದೇ ತಲೆಕೆಳಗಾಗುತ್ತದೆ.

ಚೋಳಪಾಲಕ ಚರಿತ, ಸುಭದ್ರಾಹರಣ, ಪ್ರಬೋಧಚಂದ್ರ ಮೊದಲಾಗಿ ಬೇರೆ ಕೃತಿಗಳನ್ನೂ ಅವನು ಬರೆದಿದ್ದ. ಅವು ಯಾವುವೂ ಸಿಕ್ಕಿಲ್ಲ. ಶಬ್ದಮಣಿದರ್ಪಣವನ್ನು ಓಲೆಗರಿಯಲ್ಲಿ ಪ್ರತಿ ಮಾಡುತ್ತ ಬಂದವರಿಂದ ಅದೊಂದು ಉಳಿಯಿತು. ಅದಕ್ಕೆ ವ್ಯಾಖ್ಯಾನ ಬರೆದವರಲ್ಲಿ ಜೈನರಲ್ಲದವರೂ ಇದ್ದಾರೆ. 1872ರಲ್ಲಿ ರೆವರೆಂಡ್ ಕಿಟೆಲ್ ಅದನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದರು. 1903ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣಕ್ಕೂ ಇದೇ ತಳಹದಿ. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ಪ್ರತಿ ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ಇಂದಿಗೂ ಇದೆ. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಈ ಪರಂಪರೆಯನ್ನು ಹೊಸಗನ್ನಡಕ್ಕೆ ಹೊಂದಿಸಿ ಹೇಳಿತು. ಮನೆಯಲ್ಲಿ ಮಕ್ಕಳ ಪಕ್ಕ ಕುಳಿತು ಹೇಳಿಕೊಡಬೇಕೆನ್ನುವ ತಂದೆತಾಯಿಗಳು ಮೊದಲು ಈ ಮಧ್ಯಮ ವ್ಯಾಕರಣವನ್ನು ತರಿಸಿಕೊಂಡರೆ ಸುಲಭ, ಶಬ್ದಮಣಿದರ್ಪಣ ಅದರ ನಂತರ.