ಬಡ ರೈತರಿಗೆ ಕೈತೋಟ ಕಲಿಸಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಅಂತ ಸಭೆಯಲ್ಲಿ ತೀರ್ಮಾನವಾದಾಗ ನನಗೆ ಏನು ಬರೆಯಬೇಕೆಂದೇ ತೋಚಲಿಲ್ಲ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಷೇರು, ಸಾಲ, ವಸೂಲಾತಿ ವಿಷಯ ಬರೆಯಲು ನನಗಿಂತ ತಿಳಿದವರಿದ್ದಾರೆ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಶೇಂಗಾ ಗಿಡ ಕಿತ್ತು ತಂದು, ಬೇರಿನ ಮೇಲಿನ ಸಣ್ಣ ಗಂಟುಗಳನ್ನು ತೋರಿಸುತ್ತಾ ಅಮೆರಿಕದ ಒಬ್ಬ ಕರಿಯ ವಿಜ್ಞಾನಿಯ ಕತೆ ಹೇಳಿದ್ದರು. ಅದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆಮೇಲೆ ಸಿಕ್ಕಿದ ಪುಸ್ತಕಗಳಲ್ಲಿ ಅವರ ಬಗ್ಗೆ ಓದಿಕೊಂಡೆ. ಅವರ ಜೀವನವನ್ನು ನನಗೆ ತಿಳಿದಂತೆ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹುಟ್ಟಿದ್ದು ಅಮೆರಿಕದ ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಹತ್ತಿರ, ಸುಮಾರು 1864ರಲ್ಲಿ. ಸುಮಾರು ಎನ್ನಲು ಕಾರಣವಿದೆ. ಗುಲಾಮರ ಮಕ್ಕಳು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ತಾಯಿ ಮೇರಿ, ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತನ ಮನೆಯ ಗುಲಾಮಳು. ಜಾರ್ಜ್ ಎಳೆಗೂಸಾಗಿದ್ದಾಗ ಒಂದು ರಾತ್ರಿ ದರೋಡೆಕೋರರು ಬಂದು ತಾಯಿ, ಮಗು ಇಬ್ಬರನ್ನೂ ಎತ್ತಿಕೊಂಡು ಹೋದರು. ಮೋಸೆಸ್ ಒಬ್ಬ ಆಳನ್ನು ಹಿಂದೆಯೇ ಕಳಿಸಿದ. ಮಗು ಮಾತ್ರ ಸಿಕ್ಕಿತು, ತಾಯಿಯ ಸುಳಿವು ಕೊನೆಗೂ ಹತ್ತಲಿಲ್ಲ. ಹುಡುಕಿ ತಂದವನಿಗೆ ಮೋಸೆಸ್ ಒಂದು ಕುದುರೆ ಕೊಟ್ಟನಂತೆ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಆ ಮಗುವನ್ನೂ ಅವನ ಅಣ್ಣ ಜಿಮ್‌ನನ್ನೂ ತಮ್ಮ ಮನೆಯಲ್ಲೇ ಸಾಕಿದರು. ಜಾರ್ಜ್ ಬಲು ರೋಗಿಷ್ಟ ಹುಡುಗ, ಹೊಲದ ಕೆಲಸ ಆಗುತ್ತಿರಲಿಲ್ಲ. ಹಾಗಾಗಿ ಸೂಸನ್ ಜೊತೆ ಅಡಿಗೆ, ಬಟ್ಟೆ ಒಗೆಯುವುದು, ಹೊಲಿಗೆ, ಮನೆ ಹಿಂದಿನ ತರಕಾರಿ ಪಾತಿ, ಇದೇ ಅವನ ಕೆಲಸ. ಹತ್ತಿರದ ಕಾಡಿನಲ್ಲಿ ಯಾರಿಗೂ ಕಾಣದ ಹಾಗೆ ತನ್ನದೇ ಒಂದು ಪುಟ್ಟ ತೋಟ ಮಾಡಿಕೊಂಡು, ಸೊರಗಿದ ಗಿಡಗಳನ್ನು ತಂದು ನೆಟ್ಟು ಬದುಕಿಸುತ್ತಿದ್ದ. ಅಕ್ಕಪಕ್ಕದವರು ಗಿಡಕ್ಕೆ ರೋಗ ಬಂದರೆ ಈ ಹುಡುಗನನ್ನೇ ಕರೆಯುತ್ತಿದ್ದರು.

ಅಲ್ಲಿಯ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಸುಮಾರು 8 ಮೈಲಿ ದೂರದ ನಿಯೋಶೋ ಊರಿನಲ್ಲಿ ಕಪ್ಪು ಮಕ್ಕಳ ಶಾಲೆ ಇದೆ ಎಂದು ತಿಳಿದು ಹುಡುಗ ನಡೆದೇ ಹೋದ. ಮೊದಲ ರಾತ್ರಿ ಮಲಗಿದ್ದು ಯಾರದೋ ಕೊಟ್ಟಿಗೆಯಲ್ಲಿ. ಮರಾಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿ ತಾಯಿ ಮನೆಯಲ್ಲಿ ಜಾಗ ಕೊಟ್ಟಳು. ಅಲ್ಲಿಂದ ಮುಂದೆ ಕಾನ್ಸಾಸ್ ರಾಜ್ಯದ ಊರೂರು ತಿರುಗಿ, ಬಟ್ಟೆ ಒಗೆದು, ಅಡಿಗೆ ಮಾಡಿ ಓದಿದರು. ಒಂದು ಊರಿನಲ್ಲಿ ಕರಿಯನೊಬ್ಬನನ್ನು ಬಿಳಿಯರ ಗುಂಪು ಹಿಂಸಿಸಿ ಕೊಂದದ್ದನ್ನು ಕಣ್ಣಾರೆ ನೋಡಿ ಆ ಊರನ್ನೇ ಬಿಟ್ಟರು. ಒಂದು ಕಾಲೇಜು ಕಾಗದದಲ್ಲಿ ಸೀಟು ಕೊಟ್ಟು, ಎದುರಿಗೆ ಹೋಗಿ ನಿಂತಾಗ ಮೈಬಣ್ಣ ನೋಡಿ ಬಾಗಿಲು ಹಾಕಿತು.

ಬೇಸತ್ತ ಕಾರ್ವರ್ 1886ರಲ್ಲಿ ಸರ್ಕಾರ ಕೊಡುತ್ತಿದ್ದ 160 ಎಕರೆ ಬಯಲು ಜಮೀನು ಹಿಡಿದು, ಹುಲ್ಲುಹೆಂಟೆಯಿಂದ ಗುಡಿಸಲು ಕಟ್ಟಿಕೊಂಡರು. ಎತ್ತಿಲ್ಲ, ಕುದುರೆಯಿಲ್ಲ, 17 ಎಕರೆಯನ್ನು ಕೈಯಲ್ಲೇ ಹದ ಮಾಡಿ ಜೋಳ, ತರಕಾರಿ ಬೆಳೆದರು, ಹಣ್ಣಿನ ಗಿಡ ನೆಟ್ಟರು. ಆ ಕಡೆಯ ಬಿಸಿಲು, ಹಿಮದ ಗಾಳಿ ಎರಡೂ ಸುಲಭದ್ದಲ್ಲ. 1888ರಲ್ಲಿ ಬ್ಯಾಂಕಿನಲ್ಲಿ 300 ಡಾಲರ್ ಸಾಲ ಎತ್ತಿ ಓದಲು ಹೊರಟುಬಿಟ್ಟರು. ಸಾಲ ತೆಗೆದರೆ ಹೀಗೆ ತೆಗೆಯಬೇಕು, ಮದುವೆಯ ಶಾಮಿಯಾನಕ್ಕಲ್ಲ. (ಇದು ನಿರ್ದೇಶಕನಾಗಿ ಹೇಳಿದ ಮಾತು, ಯಾರೂ ಬೇಸರ ಮಾಡಿಕೊಳ್ಳಬಾರದು.)

ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜಿಗೆ 1890ರಲ್ಲಿ ಸೇರಿದ್ದು ಚಿತ್ರಕಲೆ ಕಲಿಯಲಿಕ್ಕೆ. ಅವರು ಬರೆಯುತ್ತಿದ್ದುದೆಲ್ಲ ಗಿಡ, ಹೂವು. ಅದನ್ನು ಕಂಡ ಚಿತ್ರಕಲೆಯ ಮೇಡಂ, ನೀನು ಸಸ್ಯಶಾಸ್ತ್ರ ಓದುವುದು ಒಳ್ಳೆಯದೆಂದು ಬುದ್ಧಿ ಹೇಳಿ ಏಮ್ಸ್ ಊರಿನ ಕೃಷಿ ಕಾಲೇಜಿಗೆ ದಾರಿ ಮಾಡಿಕೊಟ್ಟರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ ಇವರೇ. ಮೊದಮೊದಲು ಊಟದ ಹಾಲ್‌ಗೆ ಬಿಡದೆ ಕೆಲಸದವರ ಜೊತೆ ನೆಲಮಾಳಿಗೆಯಲ್ಲಿ ಕೂರಿಸಿದರು. 1894ರಲ್ಲಿ ಪದವಿ, 1896ರಲ್ಲಿ ಎಂ.ಎಸ್ಸಿ.ಗೆ ಸಮಾನವಾದ ಪದವಿ ಪಡೆದು ಅಲ್ಲೇ ಮೇಷ್ಟ್ರೂ ಆದರು. ನೆಮ್ಮದಿಯ ನೌಕರಿ.

ಅದೇ ವರ್ಷ ಅಲಬಾಮಾ ರಾಜ್ಯದಿಂದ ಬೂಕರ್ ಟಿ. ವಾಷಿಂಗ್ಟನ್ ಅವರ ಕರೆ ಬಂತು. ಅವರೂ ಗುಲಾಮರಾಗಿ ಹುಟ್ಟಿದವರು, ಟಸ್ಕೀಗೀ ಎಂಬಲ್ಲಿ ಕಪ್ಪು ಮಕ್ಕಳಿಗೆ ಸಂಸ್ಥೆ ಕಟ್ಟಿದ್ದವರು. ವರ್ಷಕ್ಕೆ 1000 ಡಾಲರ್ ಸಂಬಳ. ಕಾರ್ವರ್ ಅಕ್ಟೋಬರ್ 1896ರಲ್ಲಿ ಅಲ್ಲಿಗೆ ಬಂದವರು ಸಾಯುವವರೆಗೂ ಬಿಡಲಿಲ್ಲ.

ಅಲ್ಲಿ ಅವರು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗುಲಾಮಗಿರಿಯೇನೋ ಹೋಗಿತ್ತು, ಆದರೆ ಕಪ್ಪು ಜನರಿಗೆ ಭೂಮಿ ಸಿಕ್ಕಿರಲಿಲ್ಲ. ಹಳೆಯ ಧಣಿಗಳ ಹೊಲವನ್ನೇ ಕೋರಿಗೆ ಮಾಡುತ್ತಿದ್ದರು. ಬೀಜ, ಗೊಬ್ಬರ, ಮನೆಯ ಹಿಟ್ಟು, ಉಪ್ಪು ಎಲ್ಲವನ್ನೂ ಸಾಹುಕಾರನ ಅಂಗಡಿಯಲ್ಲಿ ಖಾತೆಗೆ ಬರೆಸಿ ತರಬೇಕು. ನಿಂತ ಬೆಳೆಯೇ ಅಡಮಾನ. ಹತ್ತಿಗೆ ಯಾವಾಗ ಬೇಕಾದರೂ ಗಿರಾಕಿ ಇದ್ದುದರಿಂದ ಹತ್ತಿ ಹಾಕಿದವನಿಗೇ ಸಾಲ. ತರಕಾರಿ ಬೆಳೆದರೆ ಸಾಹುಕಾರನಿಗೆ ಎರಡು ಕಡೆ ನಷ್ಟ, ಹತ್ತಿಯೂ ಕಡಿಮೆ, ಅಂಗಡಿ ವ್ಯಾಪಾರವೂ ಕಡಿಮೆ. ಹಾಗಾಗಿ ಬಹಳ ಕಡೆ ಗುಡಿಸಲ ಬಾಗಿಲ ತನಕ ಹತ್ತಿಯೇ. ಒಂದು ಸೊಪ್ಪಿನ ಗಿಡಕ್ಕೂ ಜಾಗವಿಲ್ಲ. ಸುಗ್ಗಿಯಾದ ಮೇಲೆ ಖಾತೆ ತೆಗೆದರೆ ಹತ್ತಿ ಮಾರಿದ್ದು ಸಾಲಕ್ಕೆ ಸಾಲದು, ಬಾಕಿ ಮುಂದಿನ ವರ್ಷಕ್ಕೆ.

ತಿನ್ನುವುದೂ ಅಷ್ಟೇ, ಉಪ್ಪು ಹಾಕಿದ ಕೊಬ್ಬಿನ ಮಾಂಸ, ಮುಸುಕಿನ ಜೋಳದ ಹಿಟ್ಟು, ಕಾಕಂಬಿ. ವರ್ಷಪೂರ್ತಿ ಇದನ್ನೇ ತಿಂದವರಿಗೆ ಪೆಲಾಗ್ರ ಎಂಬ ಕಾಯಿಲೆ ಬರುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇದು ಅಂಟುರೋಗ ಎಂದೇ ಬಹಳ ಜನ ನಂಬಿದ್ದರು. 1914ರ ನಂತರ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಇದು ಊಟದ ಕೊರತೆ ಎಂದು ತೋರಿಸಿಕೊಟ್ಟರು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಒಂದು ವರ್ಷ ಶೇಂಗಾಕ್ಕೆ ಒಳ್ಳೆ ಧಾರಣೆ ಇದೆ ಅಂತ ನಾನೂ ಹಿತ್ತಲಿನ ಅವರೆ ಚಪ್ಪರ, ಬದನೆ, ಮೆಣಸಿನ ಗಿಡ ಎಲ್ಲ ಕಿತ್ತು ಗೋಡೆ ಬುಡದ ತನಕ ಬಿತ್ತಿದವನು. ನನಗೆ ಯಾವ ಸಾಹುಕಾರನೂ ಬಲವಂತ ಮಾಡಿರಲಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆ ವರ್ಷವೆಲ್ಲ ಕೊತ್ತಂಬರಿ ಸೊಪ್ಪಿಗೂ ಸಂತೆಯಲ್ಲಿ ದುಡ್ಡು ಕೊಟ್ಟೆವು. ನಮ್ಮನೆಯವಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಟಸ್ಕೀಗೀಯಲ್ಲಿ ಕಾರ್ವರ್ ಅವರಿಗೆ ಕೊಟ್ಟ ಪ್ರಯೋಗದ ಜಮೀನು 10 ಎಕರೆ, ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದದ್ದು. ಪ್ರಯೋಗಶಾಲೆ ಅಂತ ಏನೂ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕಸದ ಗುಡ್ಡೆಯಿಂದ ಬಾಟಲಿ, ಒಡೆದ ಜಾಡಿ, ತಂತಿ ಆರಿಸಿ ತಂದು ಪ್ರಯೋಗಶಾಲೆ ಮಾಡಿದರು. ಬಡ ರೈತ ಕೊಳ್ಳಲಾಗದ ಗೊಬ್ಬರ ಹಾಕಿ ಬೆಳೆ ತೆಗೆದು ತೋರಿಸಿದರೆ ಅವನಿಗೇನು ಪ್ರಯೋಜನ ಎಂಬುದು ಅವರ ವಿಚಾರ. ಕಾಡಿನ ತರಗೆಲೆ, ಜೌಗಿನ ಕೊಳೆತ ಮಣ್ಣು, ಕೊಟ್ಟಿಗೆಯ ಕಸ ಸೇರಿಸಿ ಕೊಳೆಸಿದ ಗೊಬ್ಬರವನ್ನೇ ಹಾಕಿಸಿದರು. ಹತ್ತಿ ತೆಗೆದ ಹೊಲಕ್ಕೆ ಅಲಸಂದೆ ಹಾಕಿಸಿದರು. ಅಲಸಂದೆ, ಶೇಂಗಾ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಬೇರು ಬಳ್ಳಿ ಮಣ್ಣಿಗೆ ಸೇರಿದರೆ ನೆಲಕ್ಕೂ ಸಾರ. ನಮ್ಮ ಮೇಷ್ಟ್ರು ತೋರಿಸಿದ ಗಂಟು ಇದೇ. ಮಣ್ಣಿಗೂ ಆಯಿತು, ಮಕ್ಕಳ ಹೊಟ್ಟೆಗೂ ಆಯಿತು.

ಆಮೇಲೆ ಕೈತೋಟ. ಆ ಸೀಮೆಯಲ್ಲಿ ಚಳಿಗಾಲ ಅಷ್ಟು ಕಠಿಣವಲ್ಲ, ಮನೆ ಹಿಂದೆ ತುಂಡು ನೆಲವಿದ್ದರೆ ಒಂದಾದ ಮೇಲೊಂದು ತರಕಾರಿ ತೆಗೆಯಬಹುದು. ಬೇಸಿಗೆಯಲ್ಲಿ ಟೊಮೇಟೊ, ಹುರುಳಿಕಾಯಿ, ಬೆಂಡೆ, ಚಳಿಗಾಲಕ್ಕೆ ಎಲೆಕೋಸಿನ ಜಾತಿಯ ಸೊಪ್ಪು, ಟರ್ನಿಪ್ ಗೆಡ್ಡೆ. ಗೆಣಸನ್ನು ಅವರು ಬಹಳ ಮೆಚ್ಚಿದ್ದರು, ಬಡ ನೆಲದಲ್ಲೂ ಬರುತ್ತದೆ, ಹೊಟ್ಟೆ ತುಂಬುತ್ತದೆ. ಆದರೆ ಕಿತ್ತ ಗೆಣಸು ಕೊಳೆತು ಹೋಗುತ್ತಿತ್ತು. ಅದಕ್ಕೇ ಬೆಳೆಯುವುದಕ್ಕಿಂತ ಉಳಿಸಿಕೊಳ್ಳುವುದನ್ನು ಹೆಚ್ಚು ಕಲಿಸಿದರು. ಗೆಣಸನ್ನು ಪೆಟ್ಟು ಬೀಳದಂತೆ ಅಗೆಯುವುದು, ಬೇಯಿಸಿ ಹೋಳು ಮಾಡಿ ಬಿಸಿಲಿಗೆ ಒಣಗಿಸುವುದು, ತುರಿದು ತೊಳೆದು ಹಿಟ್ಟು ಇಳಿಸುವುದು. ಗಾಜಿನ ಜಾಡಿ ಕೊಳ್ಳಲು ದುಡ್ಡಿಲ್ಲದವರಿಗೆ ಬಿಸಿಲೇ ಗತಿ. ನಮ್ಮ ಹೆಂಗಸರು ಬಾಳಕ, ಸಂಡಿಗೆ ಮಾಡಿಟ್ಟುಕೊಳ್ಳುವ ಹಾಗೆಯೇ ಇದು.

ಇದನ್ನೆಲ್ಲ ಸಣ್ಣ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು. ಸವಕಲು ನೆಲವನ್ನು ಸುಧಾರಿಸುವುದು 1905ರಲ್ಲಿ, ಶೇಂಗಾ ಬೆಳೆದು 105 ಬಗೆಯಲ್ಲಿ ತಿನ್ನುವುದು 1916ರಲ್ಲಿ, ಟೊಮೇಟೊ ಬೆಳೆದು 115 ಬಗೆಯಲ್ಲಿ ಅಡಿಗೆ ಮಾಡುವುದು 1918ರಲ್ಲಿ. ಒಟ್ಟು 40ಕ್ಕೂ ಹೆಚ್ಚು. ಹಳ್ಳಿ ಶಾಲೆಗಳ ಮಕ್ಕಳು ತೋಟ ಮಾಡುವುದಕ್ಕೂ ಒಂದು ಪುಸ್ತಿಕೆ ಇತ್ತು.

ಓದು ಬಾರದವರು ಪುಸ್ತಿಕೆ ಇಟ್ಟುಕೊಂಡು ಏನು ಮಾಡ್ತಾರೆ? ಅದಕ್ಕೆ ಕಾರ್ವರ್ ಶನಿವಾರ, ಭಾನುವಾರ ಗಾಡಿ ಕಟ್ಟಿಕೊಂಡು ಹಳ್ಳಿಗಳಿಗೆ ತಾವೇ ಹೋಗುತ್ತಿದ್ದರು. 1906ರಲ್ಲಿ ಜೆಸಪ್ ಎಂಬ ದಾನಿಯ ಹಣದಿಂದ ಇದಕ್ಕೆಂದೇ ಒಂದು ಗಾಡಿ ಸಿದ್ಧವಾಯಿತು. ಹೇಸರಗತ್ತೆ ಎಳೆಯುವ ಆ ಗಾಡಿಯಲ್ಲಿ ನೇಗಿಲು, ಕುಂಟೆ, ಬೆಣ್ಣೆ ತೆಗೆಯುವ ಯಂತ್ರ ಎಲ್ಲ. ಥಾಮಸ್ ಕ್ಯಾಂಬೆಲ್ ಎಂಬ ಶಿಷ್ಯ ಅದನ್ನು ಹಳ್ಳಿಹಳ್ಳಿಗೆ ಒಯ್ದು, ಯಾರದಾದರೂ ಹೊಲದಲ್ಲೇ ನಿಂತು ಮಾಡಿ ತೋರಿಸುತ್ತಿದ್ದ.

ರೈತರ ಸಭೆಗಳಲ್ಲಿ ಕಾರ್ವರ್ ಒಂದು ಲೆಕ್ಕ ಹೇಳುತ್ತಿದ್ದರಂತೆ. ದುಡಿಯುವ ದಿನಕ್ಕೆ 5 ಸೆಂಟಿನಂತೆ ವರ್ಷದ 313 ದಿನ ಎತ್ತಿಟ್ಟರೆ 15 ಡಾಲರ್ 65 ಸೆಂಟು. ಆಗ ಅಲ್ಲಿ ಎಕರೆಗೆ 5 ಡಾಲರ್ ಇದ್ದ ನೆಲವೂ ಸಿಗುತ್ತಿತ್ತು, ಅಂದರೆ ವರ್ಷಕ್ಕೆ 3 ಎಕರೆ, ಮೇಲೆ 65 ಸೆಂಟು ಉಳಿತಾಯ. ಆ 5 ಸೆಂಟು ಎಲ್ಲಿಂದ ಬರಬೇಕು? ಅಂಗಡಿಯಿಂದ ತರುವ ಸಾಮಾನು ಕಡಿಮೆಯಾದರೆ ತಾನೇ? ಹಿತ್ತಲಿನ ತರಕಾರಿಯನ್ನು ಅವರು ರುಚಿಗಾಗಿ ಹೇಳಲಿಲ್ಲ, ಸಾಲದ ಖಾತೆ ಕರಗಿಸಲು ಹೇಳಿದರು ಅಂತ ನನ್ನ ತಿಳುವಳಿಕೆ.

ಎಲ್ಲರೂ ಸಾಲ ತೀರಿಸಿ ಜಮೀನ್ದಾರರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಧಣಿ ಒಪ್ಪದಿದ್ದರೆ ಕೋರಿನ ರೈತ ಬಾಗಿಲ ಮುಂದೆ ಒಂದು ಬದನೆ ಗಿಡವನ್ನೂ ನೆಡುವ ಹಾಗಿರಲಿಲ್ಲ. ಎಷ್ಟೋ ಮನೆತನಗಳು ಬೇಸಾಯವೇ ಬೇಡವೆಂದು ಉತ್ತರದ ಪಟ್ಟಣಗಳಿಗೆ ಗುಳೆ ಹೋದವು. ಕಾರ್ವರ್ ಅವರಲ್ಲೂ ಕೊರತೆಗಳಿದ್ದವು. ಕಚೇರಿ ಕೆಲಸ, ಲೆಕ್ಕಪತ್ರ ಇಡುವುದರಲ್ಲಿ ಬಹಳ ಹಿಂದೆ. ಸಂಸ್ಥೆಯ ಕೋಳಿ ಸಾಕಣೆ ಸರಿಯಾಗಿ ನಡೆಯದೆ ಬೂಕರ್ ವಾಷಿಂಗ್ಟನ್ ಅವರಿಗೂ ಇವರಿಗೂ ದೊಡ್ಡ ಜಗಳವಾಗಿ, ರಾಜೀನಾಮೆ ಕೊಡುತ್ತೇನೆಂದು ಒಂದಲ್ಲ ಹಲವು ಸಲ ಹೇಳಿದ್ದರು. ದೊಡ್ಡವರಲ್ಲೂ ಇದು ಇದ್ದದ್ದೇ.

1910ರ ಹೊತ್ತಿಗೆ ಮೆಕ್ಸಿಕೋ ಕಡೆಯಿಂದ ಬಂದ ಒಂದು ಮೂತಿಹುಳು ಅಲಬಾಮಾದ ಹತ್ತಿಗೂ ಬಿತ್ತು. ಮೊಗ್ಗನ್ನು ಕೊರೆದು ಅದರೊಳಗೇ ಮೊಟ್ಟೆ ಇಡುವ ಹುಳು. ಹತ್ತಿ ಕೈಬಿಟ್ಟ ರೈತರು ಶೇಂಗಾಕ್ಕೆ ತಿರುಗಿದರು. ಬೆಳೆದ ಶೇಂಗಾಕ್ಕೆ ಗಿರಾಕಿ ಬೇಕಲ್ಲ? ಕಾರ್ವರ್ ಶೇಂಗಾದಿಂದ ಹಾಲು, ಬಣ್ಣ, ಸೋಪು ಎಂದು ಸುಮಾರು 300 ಪದಾರ್ಥ ಮಾಡಿ ತೋರಿಸಿದರು ಎನ್ನುತ್ತಾರೆ. 1921ರಲ್ಲಿ ಹೊರದೇಶದ ಶೇಂಗಾ ಮೇಲಿನ ಸುಂಕದ ವಿಚಾರಕ್ಕೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಮಾತಾಡಲು 10 ನಿಮಿಷ ಕೊಟ್ಟಿದ್ದರು. ಪೆಟ್ಟಿಗೆಯಿಂದ ಒಂದೊಂದೇ ತೆಗೆದು ತೋರಿಸುತ್ತಾ ಹೋದಂತೆ ಸದಸ್ಯರು ಸಮಯ ಏರಿಸುತ್ತಲೇ ಹೋದರು. ಅಲ್ಲಿಂದ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರೂ ಇವರೇ ಎಂದು ಕೆಲವರು ಬರೆಯುತ್ತಾರೆ. ಅದು ನಿಜವಲ್ಲ, ಅದು ಮೊದಲೇ ಇತ್ತು. ಆ 300ರಲ್ಲಿ ಬಹಳಷ್ಟು ಅಂಗಡಿಗೆ ಬರಲೇ ಇಲ್ಲ. ಹೆಸರು ಬಂದದ್ದು ಶೇಂಗಾದಿಂದಾದರೂ, ನನಗೆ ಕೈತೋಟದ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟಿದೆ. 1929ರಲ್ಲಿ ದೀನಬಂಧು ಸಿ.ಎಫ್. ಆಂಡ್ರೂಸ್ ಅವರು ಟಸ್ಕೀಗೀಗೆ ಹೋಗಿದ್ದರು. ಆಮೇಲೆ ಕಾರ್ವರ್ ಅವರಿಗೂ ಗಾಂಧೀಜಿಯವರಿಗೂ ಆಹಾರದ ವಿಚಾರವಾಗಿ ಕಾಗದ ಪತ್ರ ನಡೆದವು. ಕಾರ್ವರ್ ತಮ್ಮ ಪುಸ್ತಿಕೆಗಳನ್ನು ಕಳಿಸಿಕೊಟ್ಟರು.

ಮದುವೆಯಾಗಲಿಲ್ಲ. ಸಂಬಳ ಏರಿಸುತ್ತೇವೆಂದರೆ ಬೇಡ ಎನ್ನುತ್ತಿದ್ದರು. ಹಳೇ ಕೋಟು, ಅದರ ಗುಂಡಿಯ ಕಿಂಡಿಗೆ ದಿನಾ ಒಂದು ಹೂವು. ಬೆಳಗಿನ ಜಾವ ಎದ್ದು ಕಾಡು ಸುತ್ತಿ ಬಂದ ಮೇಲೇ ಬೇರೆ ಕೆಲಸ. ಉಳಿಸಿದ್ದ ಸುಮಾರು 60,000 ಡಾಲರನ್ನೂ ಕೃಷಿ ಸಂಶೋಧನೆಗೆಂದು ಕೊಟ್ಟುಬಿಟ್ಟರು.

1942ರಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಖಾಲಿ ಸೈಟು, ಶಾಲೆ ಅಂಗಳ, ಮನೆ ಹಿತ್ತಲು ಎಲ್ಲ ಕಡೆ ಜನ ತರಕಾರಿ ಹಾಕುತ್ತಿದ್ದರು. ಆ ವರ್ಷ ಕಾರ್ವರ್ ಇನ್ನೊಂದು ಪುಸ್ತಿಕೆ ತಂದರು. ಕಳೆಯೆಂದು ಕಿತ್ತು ಬಿಸಾಡುವ ಗಿಡಗಳಲ್ಲಿ ಯಾವ ಸೊಪ್ಪು ತಿನ್ನಬಹುದು, ಹೇಗೆ ಬೇಯಿಸಬೇಕು ಎಂದು ಅದರಲ್ಲಿದೆ. ನಮ್ಮ ಅಜ್ಜಿಯಂದಿರು ಮಳೆ ಬಿದ್ದ ಮೇಲೆ ಬದುವಿನ ಮೇಲೆ ಬೆರಕೆ ಸೊಪ್ಪು ಆರಿಸುತ್ತಿದ್ದರಲ್ಲ, ಅದೇ ವಿದ್ಯೆ. ಬಿತ್ತಲು ನೆಲವೇ ಇಲ್ಲದವನಿಗೂ ಒಂದು ಹೊತ್ತಿನ ಪಲ್ಯ.

1943ರ ಜನವರಿ 5ರಂದು ಟಸ್ಕೀಗೀಯಲ್ಲಿ ತೀರಿಕೊಂಡರು. ಸಮಾಧಿ ಬೂಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲೇ ಇದೆ. ಅದೇ ವರ್ಷ ಅಮೆರಿಕ ಸರ್ಕಾರ ಡೈಮಂಡ್‌ನಲ್ಲಿ ಅವರು ಹುಟ್ಟಿದ ಜಾಗವನ್ನು ರಾಷ್ಟ್ರೀಯ ಸ್ಮಾರಕ ಮಾಡಿತು. ಗುಲಾಮಳ ಮಗ ಗುಟ್ಟಾಗಿ ಗಿಡ ಬೆಳೆಸುತ್ತಿದ್ದ ಆ ಕಾಡಿನಲ್ಲಿ ಈಗ ಜನ ನಡೆದು ನೋಡಲು ಕಾಲುದಾರಿ ಮಾಡಿದ್ದಾರೆ.