ಸೂಪರ್‌ಮ್ಯಾನ್‌ಗೆ ವೇಷ ತೊಡಿಸಿದ ಜೋ ಶುಸ್ಟರ್



ನೀಲಿ ಬಿಗಿಯುಡುಪು, ಹೆಗಲಿನಿಂದ ಇಳಿಬಿದ್ದ ಕೆಂಪು ಕೇಪ್, ಎದೆಯ ಮೇಲೆ ಎಸ್ ಅಕ್ಷರ. ಇದು ಸೂಪರ್‌ಮ್ಯಾನ್ ಎಂದು ಕಾಸರಗೋಡಿನ ಮಗುವಿಗೂ ಹೇಳಿಕೊಡಬೇಕಿಲ್ಲ, ಸೊಲ್ಲಾಪುರದ ಮಗುವಿಗೂ ಹೇಳಿಕೊಡಬೇಕಿಲ್ಲ. ಶಾಲೆಯ ಚೀಲ, ನೀರಿನ ಬಾಟಲಿ, ಹುಟ್ಟುಹಬ್ಬದ ಕೇಕು ಎಲ್ಲದರ ಮೇಲೂ ಅವನಿದ್ದಾನೆ. ಆದರೆ ಈ ವೇಷವನ್ನು ಮೊದಲು ಬರೆದ ಕೈ ಯಾರದು ಎಂದು ಕೇಳಿದರೆ ದೊಡ್ಡವರಲ್ಲೂ ಉತ್ತರ ಸಿಗುವುದು ಕಡಿಮೆ. ಆ ಕೈ ಜೋ ಶುಸ್ಟರ್ ಅವರದು. ಗಡಿಯ ಈಚೆ ಹುಟ್ಟಿ ಆಚೆ ಬೆಳೆದ ಈ ಚಿತ್ರಗಾರರ ಬದುಕು ನಮ್ಮಂಥ ಗಡಿನಾಡಿನವರಿಗೆ ಹತ್ತಿರದ್ದು ಎನಿಸಿ, ಈ ಸಲದ ವ್ಯಕ್ತಿ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇವೆ.

ಶುಸ್ಟರ್ ಹುಟ್ಟಿದ್ದು 1914ರ ಜುಲೈ 10ರಂದು, ಕೆನಡಾದ ಟೊರಾಂಟೊ ನಗರದಲ್ಲಿ. ತಂದೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದ, ತಾಯಿ ಕೀವ್ ಕಡೆಯಿಂದ ವಲಸೆ ಬಂದ ಯಹೂದಿಗಳು. ತಂದೆಗೆ ದರ್ಜಿ ಕೆಲಸ. ಮನೆಯಲ್ಲಿ ಕಾಸಿಗೆ ಸದಾ ಬಿಗಿ. ಮಗನಿಗೆ ಇನ್ನೂ ಓದಲು ಬಾರದ ದಿನಗಳಲ್ಲಿ ತಂದೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪತ್ರಿಕೆಯ ಬಣ್ಣದ ಚಿತ್ರಕಥೆಗಳನ್ನು ಓದಿ ಹೇಳುತ್ತಿದ್ದರು. ಸ್ವಲ್ಪ ದೊಡ್ಡವನಾದ ಮೇಲೆ ಹುಡುಗ ಟೊರಾಂಟೊದ ಬೀದಿಗಳಲ್ಲಿ ‘ಡೈಲಿ ಸ್ಟಾರ್’ ಪತ್ರಿಕೆ ಮಾರಿದ. ಮುಂದೆ ಸೂಪರ್‌ಮ್ಯಾನ್ ಕಥೆಯಲ್ಲಿ ನಾಯಕ ಕೆಲಸ ಮಾಡುವ ಪತ್ರಿಕೆಗೆ ಮೊದಲಿಗೆ ಇಟ್ಟ ಹೆಸರೂ ಡೈಲಿ ಸ್ಟಾರ್ ಎಂದೇ. ಡೈಲಿ ಪ್ಲಾನೆಟ್ ಎಂದಾದದ್ದು ಆಮೇಲೆ.

1924ರ ಹೊತ್ತಿಗೆ ಕುಟುಂಬ ಗಡಿ ದಾಟಿ ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಬಂತು. ಅಲ್ಲಿನ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೋಗೆ ಜೆರ್ರಿ ಸೀಗಲ್ ಎಂಬ ಗೆಳೆಯ ಸಿಕ್ಕಿದ. ಅವನೂ 1914ರಲ್ಲೇ ಹುಟ್ಟಿದವನು. ಅವನ ತಂದೆಯದೂ ಬಟ್ಟೆಯ ವ್ಯಾಪಾರ. ಇಬ್ಬರೂ ಸಂಕೋಚದ ಹುಡುಗರು, ಇಬ್ಬರಿಗೂ ಕನ್ನಡಕ, ಇಬ್ಬರಿಗೂ ವಿಜ್ಞಾನ ಕಥೆಗಳ ಹುಚ್ಚು. ಜೆರ್ರಿ ಕಥೆ ಕಟ್ಟುತ್ತಿದ್ದ, ಜೋ ಚಿತ್ರ ಬರೆಯುತ್ತಿದ್ದ. ಚಿತ್ರದ ಹಾಳೆ ಕೊಳ್ಳಲು ಹಣವಿಲ್ಲದೆ ಜೋ ಪೊಟ್ಟಣ ಕಟ್ಟುವ ಕಾಗದದ ಮೇಲೆ, ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯ ಮೇಲೆ ಬರೆಯುತ್ತಿದ್ದ. ತಾಯಿ ಅಡುಗೆಮನೆಯಲ್ಲಿ ಹಿಟ್ಟು ನಾದುವ ಹಲಗೆಯೇ ಅವನ ಚಿತ್ರದ ಹಲಗೆ. ಹಿಟ್ಟು ನಾದುವ ದಿನ ಹಲಗೆ ಅಡುಗೆಮನೆಗೆ ವಾಪಸು ಹೋಗುತ್ತಿತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಇಂಧನವಿಲ್ಲದಾಗ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು, ಕೈಗವಸು ಹಾಕಿಕೊಂಡೇ ಗೆರೆ ಎಳೆದದ್ದುಂಟು.

1933ರಲ್ಲಿ ಗೆಳೆಯರಿಬ್ಬರೂ ತಾವೇ ಅಚ್ಚುಹಾಕಿದ ಸಣ್ಣ ಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರು ಮೊದಲು ಕಾಣಿಸಿತು. ಆದರೆ ಆ ಸೂಪರ್‌ಮ್ಯಾನ್ ಒಬ್ಬ ಬೋಳುತಲೆಯ ಖಳನಾಯಕ. ಅದೇ ಹೆಸರನ್ನು ಒಳ್ಳೆಯವನಿಗೆ ಕೊಟ್ಟು ಬರೆದ ಮುಂದಿನ ಚಿತ್ರಕಥೆಯನ್ನು ಷಿಕಾಗೋದ ಪ್ರಕಾಶಕರೊಬ್ಬರು ಒಲ್ಲೆ ಎಂದರು. ಬೇಸರದಲ್ಲಿ ಜೋ ಹಾಳೆಗಳನ್ನೆಲ್ಲ ಬೆಂಕಿಗೆ ಹಾಕಿದ. ಸೀಗಲ್ ಕೈಹಾಕಿ ಉಳಿಸಿಕೊಂಡದ್ದು ಮುಖಪುಟ ಒಂದೇ. ಅದರಲ್ಲಿ ನಾಯಕನಿಗೆ ಕೇಪೂ ಇಲ್ಲ, ಎದೆಯ ಮೇಲೆ ಅಕ್ಷರವೂ ಇಲ್ಲ.

ಆಮೇಲೆ ಶುಸ್ಟರ್ ಅವರು ನಾಯಕನಿಗೆ ಹೊಸ ವೇಷ ಹುಡುಕಿದರು. ಈ ಹುಡುಕಾಟವನ್ನು ತುಸು ವಿವರವಾಗಿ ಹೇಳಬೇಕು. ಆ ಕಾಲದ ಸರ್ಕಸ್ಸಿನ ಜಟ್ಟಿಗಳು ಮೈಗಂಟಿದ ಉಡುಪಿನ ಮೇಲೆ ಚಡ್ಡಿ ತೊಡುತ್ತಿದ್ದರು. ಮೈಕಟ್ಟು ಎದ್ದು ಕಾಣುವಂಥ ಆ ಉಡುಪನ್ನು ಶುಸ್ಟರ್ ತೆಗೆದುಕೊಂಡರು. ಡಗ್ಲಾಸ್ ಫೇರ್‌ಬ್ಯಾಂಕ್ಸ್ ಅವರ ಸಾಹಸ ಚಿತ್ರಗಳಿಂದ ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಲ್ಲುವ ಭಂಗಿ ಬಂತು. ಹಳೆಯ ಯುರೋಪಿನ ಯೋಧರ ಗುರಾಣಿ ಲಾಂಛನಗಳಿಂದ ಎದೆಯ ಮೇಲಿನ ಚಿಹ್ನೆ ಬಂತು. ಕೇಪ್ ಬರೀ ಅಲಂಕಾರವಲ್ಲ. ಕಾಗದದ ಮೇಲಿನ ಚಿತ್ರ ಅಲುಗಾಡದು. ಆದರೆ ಹಿಂದಕ್ಕೆ ಹಾರುವ ಬಟ್ಟೆ ಬರೆದರೆ ಮನುಷ್ಯ ಮುಂದಕ್ಕೆ ನುಗ್ಗುತ್ತಿದ್ದಾನೆ ಎಂದು ಕಣ್ಣಿಗೆ ತೋರುತ್ತದೆ. ಕೆಂಪು, ನೀಲಿ, ಹಳದಿ ಬಣ್ಣಗಳು ಅಗ್ಗದ ಕಾಗದದ ಮುದ್ರಣದಲ್ಲೂ ಎದ್ದು ಕಾಣುವಂಥವು.

ತೆಂಕುತಿಟ್ಟಿನ ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸತಲ್ಲ. ತೆರೆ ಸರಿದು ಕಿರೀಟವೂ ಮುಖದ ಬಣ್ಣವೂ ಕಂಡರೆ ಸಾಕು, ಬಂದದ್ದು ಯಾರೆಂದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಿಳಿಯುತ್ತದೆ. ಶುಸ್ಟರ್ ಮಾಡಿದ್ದೂ ಇಂಥ ವೇಷಗಾರಿಕೆಯೇ. ದರ್ಜಿಯ ಮಗ ಕಾಗದದ ಮೇಲೆ ಒಂದು ಉಡುಪು ಹೊಲಿದ. ಆಮೇಲೆ ಬಂದ ಎಷ್ಟೋ ಸೂಪರ್‌ಹೀರೋಗಳು ಅದರ ಅಳತೆಯಲ್ಲೇ ಉಡುಪು ಹೊಲಿಸಿಕೊಂಡರು.

ನಾಯಕನ ಇನ್ನೊಂದು ಮುಖ ಕ್ಲಾರ್ಕ್ ಕೆಂಟ್ ಎಂಬ ಅಂಜುಬುರುಕ ಪತ್ರಕರ್ತ. ಅವನ ಕನ್ನಡಕ ಮತ್ತು ಸಂಕೋಚ ಸ್ವಲ್ಪ ಮಟ್ಟಿಗೆ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಅವರದು, ಉಳಿದದ್ದು ಶುಸ್ಟರ್ ಅವರದೇ. ನಾಯಕಿ ಲೋಯಿಸ್ ಲೇನ್ ಚಿತ್ರಕ್ಕೆ ಮಾದರಿಯಾಗಿ ಕುಳಿತ ಯುವತಿ ಜೊಆನ್. ಮುಂದೆ 1948ರಲ್ಲಿ ಅವರು ಸೀಗಲ್ ಅವರನ್ನು ಮದುವೆಯಾದರು.

ಚಿತ್ರಕಥೆ ವರ್ಷಗಟ್ಟಲೆ ಪತ್ರಿಕೆಯಿಂದ ಪತ್ರಿಕೆಗೆ ಅಲೆಯಿತು; ಎಲ್ಲ ಕಡೆಯಿಂದಲೂ ಹಿಂದಿರುಗಿ ಬಂತು. ಕೊನೆಗೆ ನ್ಯೂಯಾರ್ಕಿನ ಪ್ರಕಾಶಕರೊಬ್ಬರಿಗೆ ಹೊಸ ಮಾಸಿಕಕ್ಕೆ ಕಥೆ ಬೇಕಾಯಿತು. ಪತ್ರಿಕೆಯ ಪಟ್ಟಿಗಳಿಗೆಂದು ಬರೆದ ಚಿತ್ರಗಳನ್ನು ಕತ್ತರಿಸಿ ಅಂಟಿಸಿ 13 ಪುಟ ಮಾಡಿ ಕಳುಹಿಸಿದರು. 1938ರ ಮಾರ್ಚ್‌ನಲ್ಲಿ ಪುಟಕ್ಕೆ 10 ಡಾಲರಿನಂತೆ 130 ಡಾಲರ್ ಬಂತು. ಅದರ ಜೊತೆಗೆ ಬಂದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ಸೂಪರ್‌ಮ್ಯಾನ್ ಮೇಲಿನ ಎಲ್ಲ ಹಕ್ಕೂ ಪ್ರಕಾಶಕರಿಗೆ ಸೇರಿತು ಎಂಬುದು ಆ ಕಾಗದದ ಸಾರ. ಆಗ ಇಬ್ಬರಿಗೂ 23 ವಯಸ್ಸು. ಕೊನೆಗೂ ಅಚ್ಚಾಗುತ್ತಿದೆ ಎಂಬ ಸಂತೋಷದಲ್ಲಿ ಸಹಿ ಬಿತ್ತು.

1938ರ ಜೂನ್ ತಿಂಗಳ ಸಂಚಿಕೆಯಾಗಿ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಅಂಕ ಹೊರಬಂತು. ಬೆಲೆ 10 ಸೆಂಟ್. ಮುಖಪುಟದಲ್ಲಿ ಕೆಂಪು ಕೇಪಿನವನು ಹಸಿರು ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದ. ಆ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಎತ್ತರಕ್ಕೆ ಜಿಗಿಯುತ್ತಿದ್ದ ಅಷ್ಟೆ. ಹೆಂಡತಿಯನ್ನು ಹೊಡೆಯುವವನನ್ನು, ಲಂಚಕೋರ ರಾಜಕಾರಣಿಯನ್ನು ಹಿಡಿದು ದಂಡಿಸುತ್ತಿದ್ದ. ಕೆಲಸವಿಲ್ಲದ ಆ ಕಷ್ಟಕಾಲದ ಜನರಿಗೆ ಇವನು ನಮ್ಮವನು ಎನಿಸಿದ. 1939ರ ಜನವರಿಯಲ್ಲಿ ದಿನಪತ್ರಿಕೆಗಳಲ್ಲಿ, 1940ರಲ್ಲಿ ರೇಡಿಯೋದಲ್ಲಿ, 1941ರಲ್ಲಿ ಸಿನಿಮಾ ತೆರೆಯ ಮೇಲೆ ಸೂಪರ್‌ಮ್ಯಾನ್ ಬಂದ.

ಆ ವರ್ಷಗಳಲ್ಲಿ ಶುಸ್ಟರ್ ಅವರಿಗೆ ಒಳ್ಳೆಯ ಸಂಬಳವೇ ಸಿಕ್ಕಿತು ಎಂಬುದನ್ನೂ ಹೇಳಬೇಕು. ಕ್ಲೀವ್‌ಲ್ಯಾಂಡಿನಲ್ಲಿ ಸಹಾಯಕರನ್ನಿಟ್ಟುಕೊಂಡು ಚಿತ್ರಶಾಲೆ ನಡೆಸಿದರು. ಆದರೆ ದೃಷ್ಟಿ ಕುಗ್ಗುತ್ತ ಬಂತು. ಗೆರೆ ಎಳೆಯುವ ಕೆಲಸ ಹೆಚ್ಚೆಚ್ಚು ಸಹಾಯಕರ ಕೈಗೆ ಹೋಯಿತು. ತಮ್ಮ ಮಾನಸಪುತ್ರ ತಮ್ಮ ಸ್ವತ್ತಲ್ಲ ಎಂಬ ನೋವು ಒಳಗೇ ಬೆಳೆಯಿತು. 1947ರಲ್ಲಿ ಗೆಳೆಯರಿಬ್ಬರೂ ನ್ಯಾಯಾಲಯಕ್ಕೆ ಹೋದರು. 1938ರ ಮಾರಾಟ ಸಿಂಧು ಎಂದಾಯಿತು. 1948ರಲ್ಲಿ ಸುಮಾರು 94,000 ಡಾಲರ್ ಪಡೆದು ರಾಜಿಯಾದರು. ಕೆಲಸ ಹೋಯಿತು, ಸೂಪರ್‌ಮ್ಯಾನ್ ಪುಟಗಳಿಂದ ಇಬ್ಬರ ಹೆಸರೂ ಹೋಯಿತು. ಇಬ್ಬರೂ ಸೇರಿ ತಂದ ‘ಫನ್ನಿಮ್ಯಾನ್’ ಎಂಬ ಹೊಸ ನಾಯಕ ನಿಲ್ಲಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಶುಸ್ಟರ್ ಅವರ ಕೈ ಕೆಸರಾಯಿತು, ಮೊಸರು ಬೇರೆ ಬಾಯಿಗೆ ಹೋಯಿತು. ಹೊಟ್ಟೆಪಾಡಿಗಾಗಿ ಹೆಸರು ಹಾಕದೆ ಅಗ್ಗದ ಪುಸ್ತಕಗಳಿಗೆ ಚಿತ್ರ ಬರೆದರು. ಕೊನೆಗೆ ಕಣ್ಣು ಅದಕ್ಕೂ ಬಿಡಲಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಮನೆಯೊಂದರಲ್ಲಿ ತಮ್ಮನ ಆಸರೆಯಲ್ಲಿದ್ದರು.

ಆಗಲೇ ಸೂಪರ್‌ಮ್ಯಾನ್ ಕುರಿತು ಭಾರಿ ವೆಚ್ಚದ ಸಿನಿಮಾ ತೆಗೆಯುವ ಸುದ್ದಿ ಬಂತು. 1975ರಲ್ಲಿ ಸೀಗಲ್ ತಮ್ಮಿಬ್ಬರ ಸ್ಥಿತಿಯನ್ನು ಪತ್ರಿಕೆಗಳಿಗೆ ಬರೆದು ಕಳುಹಿಸಿದರು. ಕಲಾವಿದರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಮುಂದೆ ನಿಂತು ಹೋರಾಡಿದರು. ಸಹ ಕಲಾವಿದರೂ ಓದುಗರೂ ದನಿಗೂಡಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಒಪ್ಪಿತು. ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್, ಜೊತೆಗೆ ಆಸ್ಪತ್ರೆ ಖರ್ಚಿನ ವ್ಯವಸ್ಥೆ. ಅದಕ್ಕಿಂತ ದೊಡ್ಡದಾಗಿ, ಸೃಷ್ಟಿಕರ್ತರೆಂದು ಇಬ್ಬರ ಹೆಸರೂ ಮತ್ತೆ ಅಚ್ಚಾಗತೊಡಗಿತು. 1978ರ ಸಿನಿಮಾದಲ್ಲೂ ಆ ಹೆಸರುಗಳು ಕಾಣಿಸಿದವು.

ಶುಸ್ಟರ್ 1992ರ ಜುಲೈ 30ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. 1995ರಲ್ಲಿ ಕೆನಡಾ ಸೂಪರ್‌ಮ್ಯಾನ್ ಅಂಚೆಚೀಟಿ ತಂದಿತು. ಟೊರಾಂಟೊದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಕೆನಡಾದ ಕಾಮಿಕ್ಸ್ ಕಲಾವಿದರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುವುದು 2005ರಲ್ಲಿ ಆರಂಭವಾಯಿತು. ಕ್ಲೀವ್‌ಲ್ಯಾಂಡಿನವರೂ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕು 2012ರಲ್ಲಿ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು.

ಈ ಕಥೆಯಿಂದ ನಮಗೇನು? ನಮ್ಮ ಮಕ್ಕಳಲ್ಲಿ ಚಿತ್ರ ಬರೆಯುವವರು, ಹಾಡು ಕಟ್ಟುವವರು ಬಹಳ ಇದ್ದಾರೆ. ನಾವು ಗಡಿಯವರು ಎಷ್ಟೋ ಸಲ ಮನೆಮಾತಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕುತ್ತೇವೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಹೇಳದಿದ್ದರೆ 5 ವರ್ಷ ಎಂದು ಲೆಕ್ಕ. ಹಕ್ಕು ಮಾರಿದ ಮೇಲೂ ಕೃತಿ ತನ್ನದು ಎಂದು ಹೇಳಿಕೊಳ್ಳುವ ಅಧಿಕಾರ ಕಲಂ 57ರಂತೆ ಕರ್ತೃವಿಗೆ ಉಳಿಯುತ್ತದೆ. ಸಹಿಗೆ ಮೊದಲು ಬಲ್ಲವರಿಂದ ಓದಿಸಿ, ಅರ್ಥ ಕೇಳಿ ತಿಳಿದುಕೊಳ್ಳೋಣ.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ನಾಟಕದ ಪರದೆ ಬರೆದವರು, ಮೇಳದ ವೇಷಭೂಷಣ ಮಾಡಿದವರು, ಕನ್ನಡ ಶಾಲೆಯ ಗೋಡೆಗೆ ಚಿತ್ರ ಬರೆದವರು ಇದ್ದರು. ಅವರ ಹೆಸರು ಎಲ್ಲೂ ದಾಖಲಾಗಿಲ್ಲ. ನಿಮಗೆ ನೆನಪಿರುವ ಹೆಸರು, ಊರು, ಕೆಲಸವನ್ನು ಅವರ ಮನೆಯವರ ಒಪ್ಪಿಗೆ ಪಡೆದು ನಾಲ್ಕು ಸಾಲಿನಲ್ಲಿ ನಮಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.